ಛಲ, ಪರಾಭವ, ದೇಹ: ಜಪಾನಿನ ಕ್ರೀಡಾ ಅನಿಮೆಗಳನ್ನು ಕುರಿತು

ರೇಖಾಚಿತ್ರಗಳಿಗೆ ಚಲನೆಯನ್ನು ಕೊಟ್ಟು ಕಂತುಕಂತಾಗಿ ಕಥೆ ಹೇಳುವ ಜಪಾನೀ ಅನಿಮೆಗಳನ್ನು ನಮ್ಮ ವಿದ್ಯಾರ್ಥಿಗಳು ಆಸಕ್ತಿಯಿಂದ ನೋಡುತ್ತಿರುವುದು ಈಚಿನ ವರ್ಷಗಳಲ್ಲಿ ಎಲ್ಲ ಅಧ್ಯಾಪಕರ ಗಮನಕ್ಕೂ ಬಂದಿರುವ ಸಂಗತಿ. ಅಧ್ಯಾಪಕವರ್ಗ ಇವನ್ನು ಬಾಲಿಶ ವಿನೋದವೆಂದು ಬದಿಗಿರಿಸುವುದೂ ಅಷ್ಟೇ ಸಾಮಾನ್ಯವಾದ ಸಂಗತಿ. ನಾವೂ ಬಹುಕಾಲ ಆ ಪಂಕ್ತಿಯಲ್ಲಿಯೇ ಕುಳಿತಿದ್ದೆವು. ಕ್ರೀಡೆಯನ್ನು ವಸ್ತುವಾಗಿ ಉಳ್ಳ ಕೆಲವು ಧಾರಾವಾಹಿಗಳನ್ನು ಆದ್ಯಂತವಾಗಿ ನೋಡಿದ ಮೇಲೆ ನಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು. ಪ್ರಕೃತ ಲೇಖನದಲ್ಲಿ ಅವುಗಳ ಪೈಕಿ ನೋಡತಕ್ಕವು ಯಾವುವು, ಏಕೆ ನೋಡತಕ್ಕವು ಎಂಬುದನ್ನು ವಿಚಾರಮಾಡಲು ಉದ್ದೇಶಿಸಿದ್ದೇವೆ.

ವೀರರಸಕ್ಕೆ ಉತ್ಸಾಹವು ಸ್ಥಾಯಿಭಾವವೆಂದು ಆಲಂಕಾರಿಕರು ಹೇಳುತ್ತಾರೆ. ಆಟದ ಕಥೆಯಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ನಾಯಕನುಂಟು, ಪ್ರತಿನಾಯಕನುಂಟು, ರಂಗಸ್ಥಳವೂ ಸಿದ್ಧವಾಗಿದೆ. ಆದರೆ ಇಲ್ಲಿ ಒಂದು ತೊಡಕೂ ಇದೆ. ಪಂದ್ಯದ ಫಲ ಎರಡೇ: ಗೆಲುವು, ಇಲ್ಲವೇ ಸೋಲು. ನಾಯಕನು ಗೆಲ್ಲುವನೆಂಬುದು ಪ್ರೇಕ್ಷಕನಿಗೆ ಮೊದಲೇ ತಿಳಿದಿದ್ದರೆ ನೂರು ಕಂತುಗಳ ಕಥೆ ಬರಿಯ ವಿಳಂಬವಾಗುತ್ತದೆ. ಆದಕಾರಣ ಈ ಪ್ರಕಾರದ ಕೃತಿಗಳನ್ನು ಗೆಲುವಿನ ವರ್ಣನೆಯಿಂದಲ್ಲ, ಗೆಲುವಿಗಾಗಿ ತೆತ್ತ ಬೆಲೆಯ ಲೆಕ್ಕವನ್ನು ಅವು ಎಷ್ಟು ಪ್ರಾಮಾಣಿಕವಾಗಿ ಒಪ್ಪಿಸುತ್ತವೆ ಎಂಬುದರಿಂದ ಅಳೆಯಬೇಕೆಂದು ನಮ್ಮ ಮತ.

ಈ ಪ್ರಕಾರಕ್ಕೆ ಅಡಿಗಲ್ಲೆನಿಸಿದ್ದು ‘ಕ್ಯೋಜಿನ್ ನೋ ಹೊಶಿ’. ಕಾಜಿವಾರ ಇಕ್ಕಿ ಬರೆದು ಕವಾಸಾಕಿ ನೊಬೊರು ಚಿತ್ರಿಸಿದ ಮಾಂಗಾ, ಎಂದರೆ ಚಿತ್ರಕಥೆ, 1966ರಲ್ಲಿ ಪ್ರಾರಂಭವಾಯಿತು. ಅದರ ಅನಿಮೆ 1968ರಿಂದ 1971ರವರೆಗೆ 182 ಕಂತುಗಳಲ್ಲಿ ಪ್ರಸಾರವಾಯಿತು. ಬೇಸ್‌ಬಾಲ್ ಆಟಗಾರನಾಗಿ ಮೆರೆಯಲಾರದೆ ಹೋದ ತಂದೆ ಹೊಶಿ ಇಟ್ಟೆತ್ಸು ತನ್ನ ಮಗ ಹ್ಯೂಮನನ್ನು ಬಾಲ್ಯದಿಂದಲೂ ನಿರ್ದಯವಾಗಿ ಪಳಗಿಸುತ್ತಾನೆ. ಹುಡುಗನ ಮೈಗೆ ಉಕ್ಕಿನ ಸ್ಪ್ರಿಂಗುಗಳ ಕವಚವನ್ನೇ ತೊಡಿಸುತ್ತಾನೆ. ಕಥೆಯ ಕೊನೆಗೆ ಹ್ಯೂಮ ಪರಿಪೂರ್ಣವಾದ ಒಂದು ಪಂದ್ಯವನ್ನು ಎಸೆದು, ಅದರೊಡನೆ ತನ್ನ ಎಡಗೈಯನ್ನೂ ಕಳೆದುಕೊಳ್ಳುತ್ತಾನೆ. ಕೃತಿಯಲ್ಲಿ ಬೆಲೆ ಕಾಣದೆ ಇಲ್ಲ. ಆದರೆ ಆ ಬೆಲೆಗೆ ಆರತಿ ಎತ್ತಲಾಗಿದೆ. ತಂದೆಯ ಕ್ರೌರ್ಯಕ್ಕೆ ಪ್ರೀತಿಯೆಂಬ ಹೆಸರಿಟ್ಟ ಮೇಲೆ ಪ್ರೇಕ್ಷಕನು ಪ್ರಶ್ನಿಸಲು ಸ್ಥಳವೇ ಉಳಿಯುವುದಿಲ್ಲ. ಈ ಕಥೆ ನಮ್ಮ ದೇಶಕ್ಕೂ ಬಂದಿತ್ತೆಂಬುದು ಕುತೂಹಲದ ವಿಷಯ. ಬೇಸ್‌ಬಾಲಿನ ಸ್ಥಾನದಲ್ಲಿ ಕ್ರಿಕೆಟ್ಟನ್ನೂ ಟೋಕಿಯೋದ ಸ್ಥಾನದಲ್ಲಿ ಮುಂಬಯಿಯನ್ನೂ ಇರಿಸಿ ‘ಸೂರಜ್: ದಿ ರೈಸಿಂಗ್ ಸ್ಟಾರ್’ ಎಂಬ ಹಿಂದೀ ರೂಪಾಂತರವನ್ನು 2012ರ ಡಿಸೆಂಬರಿನಿಂದ ಪ್ರಸಾರಮಾಡಿದರು. ಕ್ರಿಕೆಟ್ ಕಲಿಸುವ ಮೈದಾನಗಳ ಅಂಚಿನಲ್ಲಿ ನಿಂತ ತಂದೆಯರನ್ನು ಕಂಡವರಿಗೆ ಇಟ್ಟೆತ್ಸು ಅಪರಿಚಿತನಾಗಿ ತೋರಲಾರನು.

ಆಶ್ಚರ್ಯವೆಂದರೆ, ಈ ಛಲದ ಸ್ತೋತ್ರವನ್ನು ಹಾಡಿದ ಕಾಜಿವಾರನೇ ಅದಕ್ಕೆ ಉತ್ತರವೆನ್ನಬಹುದಾದ ಕೃತಿಯನ್ನೂ ಬರೆದನು. ಬೇರೊಂದು ಅಂಕಿತದಲ್ಲಿ ಅವನು ಬರೆದು ಚಿಬ ತೆತ್ಸುಯ ಚಿತ್ರಿಸಿದ ‘ಅಶಿತ ನೋ ಜೋ’ 1968ರಿಂದ 1973ರವರೆಗೆ ಪ್ರಕಟವಾಯಿತು. ದೆಜಾಕಿ ಒಸಾಮು ನಿರ್ದೇಶಿಸಿದ ಅನಿಮೆ 1970ರ ಏಪ್ರಿಲಿನಲ್ಲಿ ತೊಡಗಿ 79 ಕಂತು ನಡೆಯಿತು. ಅವನದೇ ನಿರ್ದೇಶನದ ಎರಡನೆಯ ಭಾಗ 1980-81ರಲ್ಲಿ 47 ಕಂತುಗಳಾಗಿ ಬಂದಿತು. ಟೋಕಿಯೋದ ಕೂಲಿಕಾರರ ಕೇರಿಯಲ್ಲಿ ಅಲೆಯುವ ಅನಾಥ ಹುಡುಗ ಜೋ. ಅವನಲ್ಲಿ ಮುಷ್ಟಿಯುದ್ಧದ ಪ್ರತಿಭೆಯನ್ನು ಗುರುತಿಸುವ ಒಕ್ಕಣ್ಣಿನ ಕುಡುಕ ದಾಂಪೆ. ಬಾಲಾಪರಾಧಿಗಳ ಶಾಲೆಯಲ್ಲಿ ಎದುರಾಗುವ ರಿಕಿಇಶಿ. ರಿಕಿಇಶಿ ಜೋನಿಗಿಂತ ದೊಡ್ಡ ಮೈಕಟ್ಟಿನವನು, ಮೇಲಿನ ತೂಕದ ವರ್ಗದವನು. ಜೋನೊಡನೆ ಸಮತೂಕದಲ್ಲಿ ಸೆಣಸಬೇಕೆಂಬ ಒಂದೇ ಹಟದಿಂದ ಅನ್ನನೀರುಗಳನ್ನು ತೊರೆದು ದೇಹವನ್ನು ಬತ್ತಿಸಿಕೊಳ್ಳುತ್ತಾನೆ, ಪಂದ್ಯವನ್ನು ಗೆಲ್ಲುತ್ತಾನೆ, ಗೆದ್ದ ಕೆಲ ಗಳಿಗೆಗಳಲ್ಲಿಯೇ ಕುಸಿದು ಸಾಯುತ್ತಾನೆ.

ಈ ಸಾವು ಜಪಾನಿನಲ್ಲಿ ಎಬ್ಬಿಸಿದ ಕಂಪನ ಸಾಹಿತ್ಯದ ವಿದ್ಯಾರ್ಥಿಗಳು ತಿಳಿಯಬೇಕಾದದ್ದು. 1970ರ ಮಾರ್ಚ್ 24ರಂದು ಕವಿಯೂ ನಾಟಕಕಾರನೂ ಆದ ತೆರಾಯಾಮ ಶೂಜಿಯ ನೇತೃತ್ವದಲ್ಲಿ ಈ ಕಲ್ಪಿತ ಪಾತ್ರಕ್ಕೆ ಪ್ರಕಾಶಕರ ಕಟ್ಟಡದಲ್ಲಿ ವಿಧ್ಯುಕ್ತವಾಗಿ ಉತ್ತರಕ್ರಿಯೆ ನಡೆಯಿತು. ಸುಮಾರು 700 ಮಂದಿ ನೆರೆದಿದ್ದರು. ಒಂದು ವಾರದ ಬಳಿಕ ವಿಮಾನವೊಂದನ್ನು ಅಪಹರಿಸಿದ ಉಗ್ರಪಂಥದ ತರುಣರು ತಮ್ಮನ್ನು ಜೋನೊಂದಿಗೆ ಸಮೀಕರಿಸಿಕೊಂಡರು. ಕೃತಿಯೊಂದನ್ನು ಹೀಗೂ ತಪ್ಪಾಗಿ ಓದಬಹುದು! ಏಕೆಂದರೆ ರಿಕಿಇಶಿಯ ಮರಣಾನಂತರ ಜೋ ವೀರನಾಗಿ ಮೆರೆಯುವುದಿಲ್ಲ; ಎದುರಾಳಿಯ ತಲೆಗೆ ಗುರಿಯಿಟ್ಟು ಹೊಡೆಯಲಾರದೆ ಕೈಸೋತು, ವಾಂತಿ ಮಾಡಿಕೊಳ್ಳುತ್ತಾನೆ. ರನ್ನನ ದುರ್ಯೋಧನನಂತೆ ಇಲ್ಲಿಯೂ ಪ್ರತಿನಾಯಕನೇ ಕೃತಿಯ ಕೇಂದ್ರವನ್ನು ಆಕ್ರಮಿಸುತ್ತಾನೆ. ಇವನು ಗೆದ್ದು ಸತ್ತವನೆಂಬುದಷ್ಟೇ ಭೇದ. ಕೊನೆಯ ಪಂದ್ಯದಲ್ಲಿ ಜೋ ಅಂಕಗಳಿಂದ ಸೋತು, ಮೂಲೆಯ ಪೀಠದ ಮೇಲೆ ಬೂದಿಯಂತೆ ಬಿಳಿಚಿ ನಗುತ್ತ ಕುಳಿತಿರುವ ಚಿತ್ರ ಪ್ರಸಿದ್ಧವಾದದ್ದು. ಅವನು ಬದುಕಿದನೇ ಸತ್ತನೇ ಎಂಬ ವಾದ ಇಂದಿಗೂ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ.

ಸ್ತ್ರೀಯರ ಆಟವನ್ನು ಕುರಿತು ‘ಅಟ್ಯಾಕ್ ನಂಬರ್ ಒನ್’ (1969-71, 104 ಕಂತು) ಮೊದಲು ಹೆಸರಿಸಬೇಕಾದ ಕೃತಿ. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಜಪಾನಿನ ಮಹಿಳೆಯರು ಸೋವಿಯೆತ್ ತಂಡವನ್ನು ಸೋಲಿಸಿ ವಾಲಿಬಾಲಿನ ಸುವರ್ಣಪದಕ ಗಳಿಸಿದ್ದರ ಪ್ರತಿಧ್ವನಿ ಅದರಲ್ಲಿದೆ. ಚಾರಿತ್ರಿಕ ಮಹತ್ತ್ವ ಇರುವಷ್ಟು ರಸಪುಷ್ಟಿ ಅದರಲ್ಲಿ ಇಲ್ಲ. ಇದಕ್ಕಿಂತ ನಮ್ಮ ಸಾಹಿತ್ಯಾಧ್ಯಾಪಕರಿಗೆ ಹೆಚ್ಚು ಪ್ರಿಯವಾಗಬಹುದಾದದ್ದು ‘ಚಿಹಾಯಾಫುರು’. ಸುಎತ್ಸುಗು ಯುಕಿ ಎಂಬ ಲೇಖಕಿಯ ಮಾಂಗಾವನ್ನು ಆಧರಿಸಿದ ಇದು 2011ರಿಂದ 2020ರವರೆಗೆ ಮೂರು ಭಾಗಗಳಲ್ಲಿ ಬಂದಿದೆ. ಇದರ ಕ್ರೀಡೆ ಕರುತ. ನೂರು ಕವಿಗಳ ನೂರು ಪದ್ಯಗಳ ಪ್ರಾಚೀನ ಸಂಕಲನವೊಂದರಿಂದ ವಾಚಕನು ಪದ್ಯದ ಪೂರ್ವಾರ್ಧವನ್ನು ಓದಲಾರಂಭಿಸುತ್ತಾನೆ. ಉತ್ತರಾರ್ಧವನ್ನು ಬರೆದ ಚೀಟಿಯನ್ನು ಇಬ್ಬರಲ್ಲಿ ಯಾರು ಮೊದಲು ಮುಟ್ಟುವರೋ ಅದು ಅವರದು. ನೆಲದ ಮೇಲಿರುವವು ಐವತ್ತೇ ಚೀಟಿಗಳು, ಓದುವವು ನೂರು ಪದ್ಯ. ಏಳು ಪದ್ಯಗಳನ್ನು ಮೊದಲನೆಯ ಅಕ್ಷರದಿಂದಲೇ ಗುರುತಿಸಬಹುದಾದ್ದರಿಂದ ಅಲ್ಲಿ ಕೈ ಮಿಂಚಿನಂತೆ ಹಾರಬೇಕು. ಹೀಗೆ ಪದ್ಯವು ಅರ್ಥವನ್ನು ಕಳೆದುಕೊಂಡು ಬರಿಯ ಶಬ್ದವಾಗಿ, ಶಬ್ದವೂ ಸವೆದು ಒಂದಕ್ಷರವಾಗಿ ಉಳಿಯುತ್ತದೆ. ನಾಯಿಕೆ ಚಿಹಾಯ ಆ ವೇಗದಲ್ಲಿಯೇ ಮೈಮರೆತವಳು. ತಂಡಕ್ಕೆ ಸೇರುವ ಕನಾದೆ ಎಂಬ ಹುಡುಗಿ ಮಾತ್ರ ಆಟಕ್ಕಾಗಿ ಅಲ್ಲ, ಪದ್ಯಗಳ ಮೇಲಿನ ಪ್ರೀತಿಯಿಂದ ಬಂದವಳು. ಪ್ರತಿಯೊಂದು ಪದ್ಯದ ಋತು, ಬಣ್ಣ, ವಿರಹಗಳನ್ನು ಗೆಳತಿಗೆ ಬಿಡಿಸಿ ಹೇಳುತ್ತಾಳೆ. ಅರ್ಥ ತಿಳಿದ ಮೇಲೆ ಚಿಹಾಯಳ ಕೈ ನಿಧಾನವಾಗುವುದಿಲ್ಲ, ಚುರುಕಾಗುತ್ತದೆ. ಪರೀಕ್ಷೆಗಾಗಿ ಪದ್ಯಗಳನ್ನು ಬಾಯಿಪಾಠ ಮಾಡಿಸುವ ವೃತ್ತಿಯಲ್ಲಿರುವ ನಮಗೆ ಈ ಭಾಗ ಸ್ವಲ್ಪ ಚುಚ್ಚಿತೆಂದು ಒಪ್ಪಿಕೊಳ್ಳಬೇಕು. ಚಿಹಾಯಳನ್ನು ಪ್ರೀತಿಸುವ ಇಬ್ಬರು ತರುಣರ ಪ್ರಸಂಗ ಮಾತ್ರ ಅಗತ್ಯಕ್ಕಿಂತ ಹೆಚ್ಚು ಎಳೆದಿದೆ.

ಅದಾಚಿ ಮಿತ್ಸುರುವಿನ ‘ಟಚ್’ (1985-87, 101 ಕಂತು) ಛಲದ ಪರಂಪರೆಗೆ ಸದ್ದಿಲ್ಲದೆ ಬೆನ್ನು ತಿರುಗಿಸಿದ ಕೃತಿ. ಅವಳಿ ಸೋದರರಲ್ಲಿ ಶ್ರಮಶೀಲನಾದ ಕಜುಯ ಪ್ರಾಂತೀಯ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಹೊರಟ ದಿನ, ಒಂದು ಮಗುವನ್ನು ಉಳಿಸಲು ಹೋಗಿ ವಾಹನಕ್ಕೆ ಸಿಕ್ಕಿ ಸಾಯುತ್ತಾನೆ; ಸೋಮಾರಿಯಾದ ತತ್ಸುಯ ಅವನ ಕನಸನ್ನು ಹೊರಬೇಕಾಗುತ್ತದೆ. ದುಃಖವನ್ನು ಇಲ್ಲಿ ಯಾರೂ ಕೂಗಿ ಹೇಳುವುದಿಲ್ಲ. ಮಾತಿನ ಮಿತವ್ಯಯವನ್ನು ಕಲಿಯಬೇಕಾದ ನಾಟಕಕಾರರು ಇದನ್ನು ಅವಶ್ಯ ನೋಡಬೇಕು. ‘ಕ್ಯಾಪ್ಟನ್ ತ್ಸುಬಾಸ’ (1983-86) ಕಾಲ್ಚೆಂಡಾಟವನ್ನು ಹಲವು ದೇಶಗಳ ಬಾಲಕರಿಗೆ ಪ್ರಿಯವಾಗಿಸಿತು. ಅದರ ಉಪಕಾರ ದೊಡ್ಡದು, ಕಲೆ ಸಣ್ಣದು.

ಇನೊಎ ತಾಕೆಹಿಕೊನ ‘ಸ್ಲಾಮ್ ಡಂಕ್’ (1993-96, 101 ಕಂತು) ಹಾಸ್ಯದಲ್ಲಿ ಸಮೃದ್ಧವಾದದ್ದು. ಹುಡುಗಿಯೊಬ್ಬಳನ್ನು ಮೆಚ್ಚಿಸಲೆಂದು ಬ್ಯಾಸ್ಕೆಟ್‌ಬಾಲಿಗೆ ಬಂದ ಪುಂಡ ಸಕುರಾಗಿ ಆಟದ ಮೇಲೆಯೇ ಮನಸೋಲುವ ಕ್ರಮ ಸಹಜವಾಗಿದೆ. ಆದರೆ ಧಾರಾವಾಹಿ ಮೂಲದ ಪರಾಕಾಷ್ಠೆಯನ್ನು ಮುಟ್ಟುವ ಮೊದಲೇ ನಿಂತುಹೋಯಿತು. ಆ ಕೊರತೆಯನ್ನು ಇನೊಎ ತಾನೇ ನಿರ್ದೇಶಿಸಿ 2022ರ ಡಿಸೆಂಬರಿನಲ್ಲಿ ತೆರೆಗೆ ತಂದ ‘ದಿ ಫಸ್ಟ್ ಸ್ಲಾಮ್ ಡಂಕ್’ ಚಿತ್ರ ತುಂಬಿತು. ಅಂತಿಮ ಕ್ಷಣಗಳಲ್ಲಿ ಶಬ್ದವನ್ನೆಲ್ಲ ಹಿಂತೆಗೆದುಕೊಂಡು ಓಡುವ ದೇಹಗಳನ್ನಷ್ಟೇ ಉಳಿಸಿದ ಆ ಭಾಗವನ್ನು ನೋಡುವಾಗ ನಾವೂ ಉಸಿರು ಬಿಗಿಹಿಡಿದಿದ್ದೆವು.

‘ಹೈಕ್ಯೂ’ (2014-2020, 85 ಕಂತು) ಇಂದಿನ ವಿದ್ಯಾರ್ಥಿಗಳಿಗೆ ಅತ್ಯಂತ ಪರಿಚಿತವಾದ ವಾಲಿಬಾಲ್ ಕಥೆ. 2016ರಲ್ಲಿ ಬಂದ ಅದರ ಮೂರನೆಯ ಭಾಗದ ಹತ್ತು ಕಂತುಗಳೂ ಒಂದೇ ಪಂದ್ಯಕ್ಕೆ ಮೀಸಲು! ಇಷ್ಟಾದರೂ ಬೇಸರ ತಾರದಿರಲು ಕಾರಣ, ಎದುರಾಳಿಗಳಿಗೂ ಪೂರ್ಣವಾದ ಬಾಳನ್ನು ಕೊಟ್ಟಿರುವುದು. ಮೊದಲನೆಯ ಭಾಗದಲ್ಲಿ, ಪ್ರಥಮ ಸುತ್ತಿನಲ್ಲಿಯೇ ಸೋತು ಮರೆಯಾಗುವ ತಂಡವೊಂದರ ಹುಡುಗನ ಮೇಲೆ ಕಥೆ ಕೆಲ ನಿಮಿಷ ನಿಲ್ಲುತ್ತದೆ. ಯಾರ ನೆನಪಿನಲ್ಲಿಯೂ ಉಳಿಯದಿದ್ದರೂ ತಾವೂ ಆಡಿದ್ದೆವೆಂಬ ಅವನ ಅಳಲು ಈ ದೀರ್ಘ ಕೃತಿಯ ಅತ್ಯುತ್ತಮ ಭಾಗ.

ಮಿಉರ ಶಿಓನ್ ಎಂಬ ಕಾದಂಬರಿಕಾರ್ತಿಯ 2006ರ ಕೃತಿಯಿಂದ ಬಂದ ‘ಕಜೆ ಗ ತ್ಸುಯೊಕು ಫುಇತೆಇರು’ (2018-19, 23 ಕಂತು) ಕಾಲೇಜು ಅಧ್ಯಾಪಕರಿಗೆ ಸಮೀಪವಾದದ್ದು, ಏಕೆಂದರೆ ಇದರ ಪಾತ್ರಗಳೆಲ್ಲ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಪ್ರತಿವರ್ಷ ಜನವರಿ 2 ಮತ್ತು 3ರಂದು ಟೋಕಿಯೋದಿಂದ ಹಕೊನೆಯ ಸರೋವರದವರೆಗೆ ಹೋಗಿ ಮರಳುವ, 200 ಕಿಲೋಮೀಟರಿಗೂ ಮಿಕ್ಕ ಎಕಿದೆನ್ ಎಂಬ ಸರದಿ ಓಟ 1920ರಲ್ಲಿ ಪ್ರಾರಂಭವಾದದ್ದು. ಒಂದೊಂದು ತಂಡಕ್ಕೆ ಹತ್ತು ಓಟಗಾರರು. ಕೈಯಿಂದ ಕೈಗೆ ಸಾಗುವುದು ಬೆವರಿನಿಂದ ನೆನೆದ ಒಂದು ಪಟ್ಟಿ. ಹಳೆಯ ಬಾಡಿಗೆ ಮನೆಯೊಂದರ ಹತ್ತು ಮಂದಿಯನ್ನು, ಬಹುಪಾಲು ಓಟವನ್ನೇ ಅರಿಯದವರನ್ನು, ಹೈಜಿ ಎಂಬಾತ ಒಂದು ವರ್ಷದೊಳಗೆ ಅಲ್ಲಿಗೆ ಕೊಂಡೊಯ್ಯುತ್ತಾನೆ. ಇದು ಸಂಭಾವ್ಯವಲ್ಲ. ಅಸಂಭಾವ್ಯವನ್ನು ಒಮ್ಮೆ ಮನ್ನಿಸಿದರೆ ಉಳಿದದ್ದೆಲ್ಲ ಸತ್ಯವಾಗಿ ತೋರುತ್ತದೆ. ತಾಂಜಾನಿಯಾದಿಂದ ಬಂದ ಮೂಸಾ ವಿಜ್ಞಾನದ ವಿದ್ಯಾರ್ಥಿ. ಆಫ್ರಿಕದವನಾದ್ದರಿಂದ ಹುಟ್ಟಾ ಓಟಗಾರನಿರಬೇಕೆಂಬ ಜನರ ಗ್ರಹಿಕೆ ಅವನಿಗೆ ಮುಳ್ಳು. ಐದನೆಯ ಸರದಿ 20 ಕಿಲೋಮೀಟರಿಗೂ ಹೆಚ್ಚಿನ ಬೆಟ್ಟದ ಏರು. ಅದನ್ನು ಜ್ವರದಿಂದ ತತ್ತರಿಸುತ್ತ ಓಡುವ ಶಿಂದೋವಿನ ಕಂತನ್ನು ನೋಡುವುದು ಕಷ್ಟ.

ಇಲ್ಲಿಯೇ ನಮ್ಮ ಆಕ್ಷೇಪವನ್ನೂ ಹೇಳಬೇಕು. ಕೊನೆಯ ಸರದಿಯಲ್ಲಿ ಹೈಜಿ ಕೆಟ್ಟ ಮೊಣಕಾಲಿನಲ್ಲಿ ಓಡಿ ಅದನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಾನೆ, ತಂಡ ಹತ್ತನೆಯದಾಗಿ ಮರುವರ್ಷದ ಅರ್ಹತೆಯನ್ನು ಪಡೆಯುತ್ತದೆ. ಸೌಮ್ಯವೂ ವಿವೇಕಯುತವೂ ಆದ ಈ ಕೃತಿ ಕಡೆಗೆ ಹ್ಯೂಮನ ಎಡಗೈಯ ಬಳಿಗೇ ಬಂದು ನಿಂತಿತೇ? ಹೈಜಿಯನ್ನು ಯಾರೂ ದೂಡಲಿಲ್ಲ, ಅವನೇ ಬಯಸಿ ಆರಿಸಿಕೊಂಡನೆಂದು ಸಮಾಧಾನ ಹೇಳಬಹುದು. ನಮಗೆ ಆ ಸಮಾಧಾನ ಪೂರ್ತಿಯಾಗಿ ಒಪ್ಪಿಗೆಯಾಗಿಲ್ಲ. ಕಾಲು ನೋವೆಂದು ಹೇಳಿದ ವಿದ್ಯಾರ್ಥಿಗೆ ಯಾವ ಅಧ್ಯಾಪಕನೂ ಈ ಕಂತನ್ನು ನಿದರ್ಶನವಾಗಿ ತೋರಿಸಬಾರದು.

ಇದೇ ಮೊಣಕಾಲಿನ ಪ್ರಶ್ನೆಯನ್ನು ಹೆಚ್ಚು ಆಳವಾಗಿ ಕೆದಕಿದ್ದು ‘ಪಿಂಗ್ ಪಾಂಗ್’. ಮಾತ್ಸುಮೊತೊ ತಾಇಯೋವಿನ ಮಾಂಗಾವನ್ನು ಯುಆಸ ಮಸಾಅಕಿ 2014ರಲ್ಲಿ ಅನಿಮೆಯಾಗಿ ನಿರ್ದೇಶಿಸಿದನು. ಕೇವಲ 11 ಕಂತುಗಳು. ಅಂಕುಡೊಂಕಾದ ರೇಖೆ, ಸೊಟ್ಟ ಮುಖ, ಪುಟದ ಚೌಕಗಳಂತೆ ಸೀಳಿದ ಪರದೆ. ಮೊದಲ ನೋಟಕ್ಕೆ ಅಂದವೆನಿಸದು. ಮೇಜಿನ ಟೆನಿಸ್ಸಿನಲ್ಲಿ ಪ್ರತಿಭಾವಂತನಾದ ಸ್ಮೈಲ್ ಎಂಬ ಹುಡುಗ ನಗುವುದನ್ನೇ ಅರಿಯನು. ಷಾಂಘೈಯಿಂದ ಹೊರದೂಡಲ್ಪಟ್ಟು ಜಪಾನಿಗೆ ಬಂದ ಕಾಂಗ್‌ನ ಸಂಕಟ ಕಂಡು, ಗೆಲ್ಲಬಹುದಾದ ಆಟವನ್ನು ಅವನಿಗೆ ಬಿಟ್ಟುಕೊಡುತ್ತಾನೆ. ಅವನ ಗುರು ಕೊಇಜುಮಿಯೂ ಯೌವನದಲ್ಲಿ ಗೆಳೆಯನ ನೊಂದ ಮೊಣಕಾಲಿನ ಕಡೆಗೆ ಚೆಂಡು ಹೊಡೆಯಲಾರದೆ ಸೋತು ಆಟದಿಂದಲೇ ಹಿಂದೆಗೆದವನು. ಈ ಕನಿಕರ ಗುಣವೋ ದೋಷವೋ ಎಂಬುದೇ ಕೃತಿಯ ಮೂಲಪ್ರಶ್ನೆ. ಕಾಂಗ್‌ನಾದರೋ ಬಿಟ್ಟುಕೊಟ್ಟ ಗೆಲುವಿನಿಂದ ಏನನ್ನೂ ಪಡೆಯುವುದಿಲ್ಲ. ಮುಂದೆ ಅವನು ಬದಲಾಗುವುದು ಸಾಧಾರಣ ಹುಡುಗರಿಗೆ ಆಟ ಕಲಿಸುತ್ತ, ಊರಿನಿಂದ ಬಂದ ತಾಯಿಯ ಅಡುಗೆಯನ್ನು ಅವರೊಡನೆ ಹಂಚಿಕೊಳ್ಳುತ್ತ. ಆ ಕ್ರಿಸ್ಮಸ್ ಸಂಜೆಯ ಕಂತಿನಲ್ಲಿ ಪಂದ್ಯವೇ ಇಲ್ಲ. ಅದೇ ಎಲ್ಲಕ್ಕಿಂತ ಶ್ರೇಷ್ಠವಾದದ್ದೆಂದು ನಮ್ಮ ಎಣಿಕೆ.

ಅಂತಿಮ ಪಂದ್ಯದಲ್ಲಿ ಸ್ಮೈಲ್‌ನಿಗೆ ಎದುರಾಗುವವನು ಬಾಲ್ಯದ ಗೆಳೆಯ ಪೆಕೊ. ಪೆಕೊನ ಮೊಣಕಾಲು ನೊಂದಿದೆ. ಗುರು ತೋರಿದ ಕನಿಕರವನ್ನು ಶಿಷ್ಯ ತೋರುವುದಿಲ್ಲ. ತನ್ನ ಗೆಳೆಯ ಅಷ್ಟಕ್ಕೆ ಮುರಿಯುವವನಲ್ಲವೆಂಬ ನಂಬಿಕೆಯಿಂದ ಪೂರ್ಣಶಕ್ತಿಯಿಂದ ಆಡುತ್ತಾನೆ, ಆಡುತ್ತಾಡುತ್ತ ನಗುತ್ತಾನೆ. ಮುಖ್ಯವಾದ ಪಂದ್ಯವನ್ನು ನಿರ್ದೇಶಕನು ಅಂಕ ಅಂಕವಾಗಿ ಎಣಿಸಿ ತೋರಿಸದೆ ವರ್ಷಗಳನ್ನು ದಾಟಿಬಿಡುತ್ತಾನೆ. ಅಷ್ಟರಲ್ಲಿ ಪೆಕೊ ಜರ್ಮನಿಯಲ್ಲಿ ವೃತ್ತಿಪರ ಆಟಗಾರ. ಸ್ಮೈಲ್ ಶಾಲೆಯ ಉಪಾಧ್ಯಾಯನಾಗಲು ಸಿದ್ಧತೆ ನಡೆಸಿದ್ದಾನೆ.