ತಾಲ್ಲೂಕಿನ ಸರಾಸರಿಯೂ ವರಮಾನದ ಹಂಚಿಕೆಯೂ: ನಂಜುಂಡಪ್ಪ ವರದಿಯ ಒಂದು ವಿಮರ್ಶೆ

ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯು ಜಿಲ್ಲೆಗೆ ಬದಲಾಗಿ ತಾಲ್ಲೂಕನ್ನು ಅಳತೆಯ ಘಟಕವನ್ನಾಗಿ ಸ್ವೀಕರಿಸಿದ್ದು ಸ್ತುತ್ಯರ್ಹವಾದ ಕಾರ್ಯ. 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ತೂಗಿ, ಅವುಗಳಲ್ಲಿ 114 ಹಿಂದುಳಿದವೆಂದು ಅದು ನಿರ್ಣಯಿಸಿತು. ಮುಂದೆ ವಿಶೇಷ ಅಭಿವೃದ್ಧಿ ಯೋಜನೆಯ ಹಣವೂ ಈ ವರ್ಗೀಕರಣವನ್ನೇ ಆಧರಿಸಿ ಹಂಚಿಕೆಯಾಯಿತು. ಆದುದರಿಂದಲೇ ಅದರ ಅಳತೆಗೋಲನ್ನು ಪರೀಕ್ಷಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಈ ಸೂಚಕಗಳು ಬಹುಮಟ್ಟಿಗೆ ತಾಲ್ಲೂಕಿನ ಸರಾಸರಿಗಳು ಮತ್ತು ಪ್ರಮಾಣಗಳು. ಸರಾಸರಿಯು ಏನನ್ನು ಮರೆಮಾಡಬಲ್ಲುದೆಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ಸಾಕು. ಹತ್ತು ಮನೆಗಳ ಒಂದು ಊರಿನಲ್ಲಿ ಪ್ರತಿಯೊಂದು ಮನೆಗೂ 100 ರೂಪಾಯಿ ವರಮಾನ. ಇನ್ನೊಂದರಲ್ಲಿ ಒಂಬತ್ತು ಮನೆಗಳಿಗೆ 40, ಹತ್ತನೆಯದಕ್ಕೆ 640. ಎರಡೂ ಊರುಗಳ ಸರಾಸರಿ 100 ರೂಪಾಯಿಯೇ. ಆದರೆ ಮಧ್ಯಾಂಕವು ಮೊದಲನೆಯದರಲ್ಲಿ 100, ಎರಡನೆಯದರಲ್ಲಿ 40. ಫ್ರಾನ್ಸಿನ ಗಿಬ್ರಾ 1931ರಲ್ಲಿ ಪ್ರತಿಪಾದಿಸಿದಂತೆ, ಏರಿಳಿತಗಳು ಇರುವ ವರಮಾನಕ್ಕೆ ಅನುಪಾತವಾಗಿ ಒದಗುತ್ತ ಹೋದರೆ ವರಮಾನದ ಲಾಗರಿತಮ್ ಪ್ರಸಾಮಾನ್ಯ ವಿತರಣೆಯನ್ನು ಸಮೀಪಿಸುತ್ತದೆ. ಅಂಥಲ್ಲಿ ಸರಾಸರಿಯು ಯಾವಾಗಲೂ ಮಧ್ಯಾಂಕವನ್ನು ಮೀರಿಯೇ ನಿಲ್ಲುತ್ತದೆ.

ವರದಿಯ ಕಾಲದಲ್ಲಿ ವಿಜಾಪುರ ತಾಲ್ಲೂಕು ನಗರವನ್ನೂ ತಿಕೋಟಾ, ಬಬಲೇಶ್ವರಗಳನ್ನೂ ಒಳಗೊಂಡಿತ್ತು. ಸಂಬಳದಾರರು, ವರ್ತಕರು, ದ್ರಾಕ್ಷಿ ಬೆಳೆಗಾರರು, ಮಳೆಯನ್ನೇ ನಂಬಿದ ಜೋಳದ ರೈತರು, ಕೂಲಿಗಳು ಎಲ್ಲರೂ ಒಂದೇ ಅಂಕಿಯಲ್ಲಿ ಬೆರೆತರು. 2018ರಲ್ಲಿ ತಿಕೋಟಾ, ಬಬಲೇಶ್ವರಗಳು ಪ್ರತ್ಯೇಕ ತಾಲ್ಲೂಕುಗಳಾದವು. ಒಟ್ಟು ವಿಚಲನೆಯು ಘಟಕಗಳ ಒಳಗಿನ ವಿಚಲನೆ ಮತ್ತು ಘಟಕಗಳ ನಡುವಣ ವಿಚಲನೆ ಇವೆರಡರ ಮೊತ್ತ. ಗಡಿಯನ್ನು ಬದಲಿಸಿದರೆ ಒಂದರ ಪಾಲು ಇನ್ನೊಂದಕ್ಕೆ ಸರಿಯುವುದಲ್ಲದೆ ಮೊತ್ತವು ಬದಲಾಗದು. ಒಬ್ಬ ಕೂಲಿಯ ಕೈಗೂ ಹೆಚ್ಚಿನ ಒಂದು ಕಾಸು ಬಾರದೆ, ತಾಲ್ಲೂಕುಗಳ ಸ್ಥಾನ ಪಲ್ಲಟವಾಗಬಹುದು!

ತಾಲ್ಲೂಕುಗಳನ್ನು ಕಿರಿದುಮಾಡಿದರೆ ಸಾಕೆಂಬ ವಾದವೂ ನಿಲ್ಲದು. ಬಬಲೇಶ್ವರದ ಸೀಮೆಯಲ್ಲಿಯೇ ಏತ ನೀರಾವರಿಯ ಹೊಲವೂ ಒಣ ಬೇಸಾಯದ ಹೊಲವೂ ಇವೆ. ತೆರಿಗೆಯ ದಾಖಲೆಗಳಿಂದಲೂ ಇಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಪರೇಟೊ 1890ರ ದಶಕದಲ್ಲಿ ಅಂಥ ದಾಖಲೆಗಳಿಂದಲೇ ಮೇಲ್ವರಮಾನದ ನಿಯಮವನ್ನು ಕಂಡುಕೊಂಡನು, ನಿಜ. ಆದರೆ ನಮ್ಮಲ್ಲಿ ಕೃಷಿ ವರಮಾನಕ್ಕೆ ಕೇಂದ್ರದ ವರಮಾನ ತೆರಿಗೆಯಿಂದ ವಿನಾಯಿತಿಯಿರುವುದರಿಂದ, ತಿಕೋಟಾದ ದೊಡ್ಡ ದ್ರಾಕ್ಷಿ ತೋಟದ ಗಳಿಕೆಯು ಆ ಲೆಕ್ಕದಲ್ಲಿ ಸರಿಯಾಗಿ ಕಾಣಿಸಿಕೊಳ್ಳದು.

ವರದಿಯ ಮಹತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ತಾಲ್ಲೂಕು ತಾಲ್ಲೂಕುಗಳ ನಡುವಣ ಅಂತರವನ್ನು ಅದು ತೋರಿಸಿತು. ಮನೆ ಮನೆಗಳ ನಡುವಣ ಅಂತರವು ಉಳಿದುಕೊಂಡಿತು. ಮುಂದಿನ ಸಮೀಕ್ಷೆಗಳು ಕೃಷಿ ವರಮಾನವನ್ನು ಮನೆಮನೆಯಲ್ಲಿ ಕೇಳಿ, ಸರಾಸರಿಯ ಪಕ್ಕದಲ್ಲಿ ಮಧ್ಯಾಂಕವನ್ನೂ ಜಿನಿ ಗುಣಾಂಕವನ್ನೂ ಕೊಡುವುದು ಯುಕ್ತ. ಹಾಗಲ್ಲದೆ, ಹಿಂದುಳಿದ ತಾಲ್ಲೂಕಿಗೆಂದು ಬಂದ ಹಣವು ಹಿಂದುಳಿದ ಮನೆಯನ್ನು ಮುಟ್ಟಿತೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲಾರದು.