ಉಸಿರು ತುಂಬುವ ಹಳೆಯ ಯಂತ್ರ

ಟೊರೊಂಟೊ ಬಳಿಯ ಮಾರ್ಕಮ್‌ನ ಗ್ಯಾರೇಜೊಂದರ ಮೂಲೆಯಲ್ಲಿ ಹಳೆಯ ಡೈವಿಂಗ್ ಕಂಪ್ರೆಸರ್ ಶುರುವಾದರೆ ಊರಿನ ಹಿಟ್ಟಿನ ಗಿರಣಿ ನೆನಪಾಗುತ್ತದೆ: ಬೆಲ್ಟಿನ ಸದ್ದು, ನೆಲದ ನಡುಕ. ಆದರೆ ಇದು ಹಿಂಡುವುದು ಗಾಳಿಯನ್ನು. ಒಂದಕ್ಕಿಂತ ಒಂದು ಚಿಕ್ಕದಾದ ಮೂರು ಸಿಲಿಂಡರುಗಳು ಸರದಿಯಲ್ಲಿ ಒತ್ತಿ, ಸುತ್ತಲಿನ ಗಾಳಿಯ ಒತ್ತಡವನ್ನು ಸುಮಾರು 200 ಪಟ್ಟು ಏರಿಸುತ್ತವೆ.

ಹಿಂಡಿದ ಗಾಳಿ ಕಾಯುತ್ತದೆ. ಸುರುಳಿ ಕೊಳವೆಗಳಲ್ಲಿ ತಣಿಯುವಾಗ ನೀರು ಬಿಡುತ್ತದೆ. ಹಳೆಯ ಮಾದರಿಯಲ್ಲಿ ಆ ನೀರನ್ನು ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಕೈಯಾರೆ ವಾಲ್ವ್ ತಿರುಗಿಸಿ ಹೊರಬಿಡಬೇಕು. ಮರೆತರೆ ಫಿಲ್ಟರ್ ತೇವಗೊಂಡು ಕೆಡುತ್ತದೆ. ಆ ಫಿಲ್ಟರಿನಲ್ಲೇ ಇರುವುದು ಜಾಣತನವೆಲ್ಲ. ಮಾಲಿಕ್ಯುಲರ್ ಸೀವ್ ತೇವ ಹೀರುತ್ತದೆ. ಸಕ್ರಿಯ ಇದ್ದಿಲು ಎಣ್ಣೆಯ ಆವಿಯನ್ನು ಹಿಡಿಯುತ್ತದೆ. ಒಣಗಿದ್ದಷ್ಟು ಕಾಲ ಹಾಪ್ಕಲೈಟ್ ವಿಷದ ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಆಗಿಸುತ್ತದೆ. ಯಂತ್ರಕ್ಕೆ ಹಾಕುವ ಎಣ್ಣೆಯೂ ಉಸಿರಾಟದ ಗಾಳಿಗೆಂದೇ ತಯಾರಾದದ್ದಿರಬೇಕು. ಗಾಳಿ ಎಳೆಯುವ ಕೊಳವೆಯ ಬಾಯಿ ಕಾರಿನ ಹೊಗೆಯಿಂದ ದೂರವಿರಬೇಕು.

ಟೊರೊಂಟೊ ಸುತ್ತಲಿನ ಡೈವರುಗಳು ಇಂಥ ಗಾಳಿ ತುಂಬಿದ ಟ್ಯಾಂಕ್ ಹೊತ್ತು ಹ್ಯೂರಾನ್ ಸರೋವರದ ಟೋಬರ್ಮೋರಿಗೆ ಹೋಗುತ್ತಾರೆ. ಅಲ್ಲಿನ ಫ್ಯಾದಮ್ ಫೈವ್ ಜಲ ಉದ್ಯಾನದಲ್ಲಿ 1885ರಲ್ಲಿ ಮುಳುಗಿದ ಸ್ವೀಪ್‌ಸ್ಟೇಕ್ಸ್ ಹಡಗು ತಣ್ಣೀರಲ್ಲಿ ಇನ್ನೂ ಮಲಗಿದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗುವವರ ಬೆನ್ನಿಗೂ ಇಂಥದೇ ಗಾಳಿ.

ನೀರೊಳಗಿನ ಫೋಟೊಗಳಲ್ಲಿ ಈ ಯಂತ್ರ ಕಾಣುವುದಿಲ್ಲ. ಆರೈಕೆ ಸಿಕ್ಕರೆ ದಶಕಗಳ ಕಾಲ ದುಡಿಯುತ್ತದೆ. ಆದರೂ ಮೆಚ್ಚುಗೆ ಬೇರೆ, ನಂಬಿಕೆ ಬೇರೆ: ಪ್ರಯೋಗಾಲಯದಲ್ಲಿ ಪರೀಕ್ಷಿಸದ ಗಾಳಿಯನ್ನು ಯಾರ ಬೆನ್ನಿಗೂ ಕಟ್ಟಬೇಡಿ.