ಹೆಸರು ವಾಪಸ್ ಪಡೆಯುವ ಕಷ್ಟ

ಯಲಹಂಕದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಹೊರಡುವ ರೈಲು ಮೊದಲು ಬೆಟ್ಟಹಲಸೂರು ದಾಟುತ್ತದೆ. ಈವೆಂಟಿಂಗ್ ಎಂಬ ಕುದುರೆ ಸ್ಪರ್ಧೆಗೆ ನಮ್ಮ ಸೀಮೆಯಲ್ಲಿ ಒಂದು ವಿಳಾಸವಿದ್ದರೆ ಅದು ಆ ಊರಿನ ಆಸುಪಾಸಿನ ಎಂಬೆಸಿ ರೈಡಿಂಗ್ ಶಾಲೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾಗಿ ಮುಗಿಸಿದರು. ಆ ಮೇಲೆ ಈ ಆಟದ ಸುದ್ದಿ ನಮ್ಮ ಪತ್ರಿಕೆಗಳ ಕ್ರೀಡಾಪುಟಕ್ಕೂ ಬಂತು. ಗೆದ್ದವರ ವರದಿ ಬರೆಯಲು ಜನರಿದ್ದಾರೆ. ನನಗೆ ಕುತೂಹಲವಿರುವುದು ಹೆಸರು ಕೊಟ್ಟು, ಶುಲ್ಕ ಕಟ್ಟಿ, ಕುದುರೆಯನ್ನು ವಾಹನದಿಂದ ಇಳಿಸಿ, ಮತ್ತೆ ಅದೇ ವಾಹನಕ್ಕೆ ಹತ್ತಿಸಿಕೊಂಡು ಹೊರಟುಬಿಡುವ ಹವ್ಯಾಸಿ ಸವಾರರ ಬಗ್ಗೆ.

ಈವೆಂಟಿಂಗ್‌ನಲ್ಲಿ ಮೂರು ಪರೀಕ್ಷೆ. ಶಿಸ್ತಿನ ನಡಿಗೆಯ ಡ್ರೆಸಾಜ್, ಬಯಲಿನಲ್ಲಿ ದಿಮ್ಮಿ, ಹಳ್ಳ, ನೀರು ದಾಟಿ ಓಡುವ ಕ್ರಾಸ್‌ಕಂಟ್ರಿ, ಕೊನೆಗೆ ಕಂಬಗಳನ್ನು ಬೀಳಿಸದೆ ಹಾರುವ ಷೋ ಜಂಪಿಂಗ್. ಎಲ್ಲಕ್ಕೂ ದಂಡದ ಲೆಕ್ಕವಿದೆ. ಕಂಬ ಬಿದ್ದರೆ 4, ಬಯಲಿನ ತಡೆಯ ಮುಂದೆ ಕುದುರೆ ಒಮ್ಮೆ ನಿಂತರೆ 20, ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4. ಇಷ್ಟು ಸೂಕ್ಷ್ಮವಾಗಿ ತೂಗುವ ಆಟ, ಹಿಂದೆ ಸರಿದವರನ್ನು ಮಾತ್ರ ಎರಡಕ್ಷರದಲ್ಲಿ ಮುಗಿಸುತ್ತದೆ: ಡಬ್ಲ್ಯುಡಿ. ಕುದುರೆಯ ಕಾಲು ಬಿಸಿಯಾಗಿತ್ತೋ, ಸವಾರನ ಎದೆ ನಡುಗಿತ್ತೋ, ಮನೆಯಲ್ಲಿ ಸಾವಾಗಿತ್ತೋ, ಪಟ್ಟಿ ನೋಡಿದವರಿಗೆ ಒಂದೂ ತಿಳಿಯದು.

ಸವಾರ ಬೆಳಿಗ್ಗೆ ಲಾಯದಲ್ಲಿ ಮಾಡುವ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಮುಂಗಾಲಿನ ಹಿಂಭಾಗದ ದಪ್ಪ ಸ್ನಾಯುರಜ್ಜಿನ ಮೇಲೆ ಅಂಗೈ ಇಟ್ಟು ಮೊಣಕಾಲಿನಿಂದ ಗೊರಸಿನವರೆಗೆ ನಿಧಾನವಾಗಿ ಇಳಿಸುತ್ತಾರೆ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯೇ, ಎಲ್ಲಾದರೂ ಉಬ್ಬಿದೆಯೇ ಎಂದು ಬೆರಳು ಹುಡುಕುತ್ತದೆ. ಆಮೇಲೆ ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ಕೈಯಲ್ಲೇ ದುಡುಕಿಯಲ್ಲಿ ಓಡಿಸುತ್ತಾರೆ. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ಕುದುರೆ ತಲೆ ಎತ್ತುತ್ತದೆ, ಒಳ್ಳೆಯ ಕಾಲಿನ ಮೇಲೆ ಬಗ್ಗಿಸುತ್ತದೆ. ಎದ್ದು ಕಾಣುವ ಕುಂಟಾದರೆ ಚರ್ಚೆಗೆ ಜಾಗವಿಲ್ಲ. ತೊಂದರೆಯೆಲ್ಲ ನಡುವಿನದ್ದು: ತಲೆ ಸ್ವಲ್ಪ ಆಡಿದಂತೆ ಕಂಡು, ಎರಡನೇ ಸಲ ಓಡಿಸಿದಾಗ ಕಾಣದೆ ಹೋಗುವುದು. ಆಗ ಸವಾರನ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಬೇಟೆಗೆ ಬೀಳುವ ಜಾತಿಯ ಪ್ರಾಣಿ ನೋವನ್ನು ಬಚ್ಚಿಡುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ದೊಡ್ಡ ಸ್ಪರ್ಧೆಗಳಲ್ಲಿ ಇದಕ್ಕೊಂದು ಏರ್ಪಾಡಿದೆ. ಶುರುವಿಗೆ ಮುಂಚೆ ಒಮ್ಮೆ, ಕ್ರಾಸ್‌ಕಂಟ್ರಿ ಮುಗಿದ ಮೇಲೆ ಕೊನೆಯ ಜಿಗಿತದ ಮುಂಚೆ ಇನ್ನೊಮ್ಮೆ, ತೀರ್ಪುಗಾರರು ಮತ್ತು ಪಶುವೈದ್ಯರ ಎದುರು ಕುದುರೆಯನ್ನು ಓಡಿಸಿ ತೋರಿಸಬೇಕು. ಒಂದೇ ದಿನದಲ್ಲಿ ಮೂರೂ ಮುಗಿಸುವ ಸಣ್ಣ ಕೂಟಗಳಲ್ಲಿ ಇಷ್ಟು ಬಿಗಿ ಇರುವುದಿಲ್ಲ. ಅಲ್ಲಿ ನಿರ್ಧಾರ ಬಹುತೇಕ ಸವಾರನ ತಲೆಯ ಮೇಲೆ. ಅಂದರೆ ಓಡಬೇಕೆಂಬ ಆಸೆ ಯಾರಿಗೆ ಅತಿ ಹೆಚ್ಚೋ, ಓಡಬಾರದೆಂದು ಹೇಳುವ ಕೆಲಸವೂ ಅವರಿಗೇ. ಈ ಪದ್ಧತಿಯ ದೊಡ್ಡ ದೋಷ ಇದೇ ಎಂದು ನನಗನಿಸುತ್ತದೆ. ಸವಾರರ ಒಳ್ಳೆಯತನ ಸಾಕು ಎಂದು ನಂಬಿ ಕೂತಿದ್ದೇವೆ.

ವೈದ್ಯರು ಒಪ್ಪಿದರೂ ಕೆಲವೊಮ್ಮೆ ಮಾತು ಸವಾರನ ಹತ್ತಿರವೇ ಬಂದು ನಿಲ್ಲುತ್ತದೆ. 2016ರ ರಿಯೊದಲ್ಲಿ ಡಚ್ ಡ್ರೆಸಾಜ್ ಸವಾರೆ ಅಡೆಲಿಂಡೆ ಕಾರ್ನೆಲಿಸೆನ್ ಹಾಗೆ ಸಿಕ್ಕಿಕೊಂಡರು. ಅವರ 19 ವರ್ಷದ ಪಾರ್ಜಿವಾಲ್‌ಗೆ ಹಿಂದಿನ ದಿನ ಯಾವುದೋ ಹುಳ ಕಚ್ಚಿ ಮುಖ ಊದಿ ಜ್ವರ ಬಂದಿತ್ತು. ಜ್ವರ ಇಳಿದು ವೈದ್ಯರು ಒಪ್ಪಿದ ಮೇಲೆ ಕಣಕ್ಕಿಳಿದರು. ಪ್ರದರ್ಶನ ನಡೆಯುತ್ತಿರುವಾಗಲೇ ಸೆಲ್ಯೂಟ್ ಮಾಡಿ ನಿಲ್ಲಿಸಿ ಹೊರಬಂದರು. ಜಗತ್ತು ಅವರನ್ನು ಹೊಗಳಿತು, ಕಣಕ್ಕೆ ತಂದದ್ದೇ ಯಾಕೆ ಎಂದು ಕೇಳಿದವರೂ ಇದ್ದರು. ಆ ಪ್ರಶ್ನೆ ನ್ಯಾಯವಾದದ್ದೇ, ಆದರೆ ಕೇಳಬೇಕಾಗಿದ್ದು ಅವರೊಬ್ಬರನ್ನಲ್ಲ. ಹಿಂದಿನ ರಾತ್ರಿಯೇ ಬೇಡ ಎನ್ನಬಲ್ಲ, ತಂಡದ ಪದಕದ ಹಂಗಿಲ್ಲದ ಒಬ್ಬರು ಅಲ್ಲಿರಬೇಕಿತ್ತು.

ತಪಾಸಣೆಯೆಲ್ಲ ಸರಿಯಿದ್ದೂ ಅನಾಹುತ ತಪ್ಪದಿರಬಹುದು. ಟೋಕಿಯೊದಲ್ಲಿ, ಮಿರ್ಜಾ ಓಡಿದ ಅದೇ ಕ್ರಾಸ್‌ಕಂಟ್ರಿಯಲ್ಲಿ, ಸ್ವಿಟ್ಜರ್‌ಲ್ಯಾಂಡಿನ ರಾಬಿನ್ ಗೊಡೆಲ್ ಅವರ ಜೆಟ್ ಸೆಟ್ ಕಾಲಿನ ಅಸ್ಥಿಬಂಧ ಹರಿದು ದಯಾಮರಣಕ್ಕೆ ಗುರಿಯಾಯಿತು. ಅದರಲ್ಲಿ ಸವಾರನ ತಪ್ಪು ಹುಡುಕುವುದು ಸುಮ್ಮನೆ ಕ್ರೌರ್ಯ. ಆದರೆ ಅಂಥ ಅಪಾಯವಿರುವ ಆಟದಲ್ಲಿ, ಅನುಮಾನ ಬಂದಾಗ ಹಿಂದೆ ಸರಿಯುವುದು ಅಗ್ಗವಾಗಿರಬೇಕು. ಈಗ ಅದು ದುಬಾರಿ. ಸಾಗಣೆ ಖರ್ಚು ಹೋಯಿತು, ಶುಲ್ಕ ಬಹುತೇಕ ಹೋಯಿತು, ಜೊತೆಗೆ ಲಾಯದವರ ಕಣ್ಣಲ್ಲಿ ಪುಕ್ಕಲು ಎನಿಸಿಕೊಂಡದ್ದೂ ಆಯಿತು. ಭಯಪಟ್ಟು ಬಿಟ್ಟವರನ್ನಂತೂ ನಾನು ಮೆಚ್ಚುತ್ತೇನೆ. ಮೇಲೆ ಕೂತವನು ತಡೆಯ ಮುಂದೆ ಹಿಂಜರಿದು ಲಗಾಮು ಎಳೆದರೆ, ಕೆಳಗಿನ ಕುದುರೆ ಅರ್ಧ ಮನಸ್ಸಿನಲ್ಲಿ ಹಾರಿ ದಿಮ್ಮಿಗೆ ಕಾಲು ತಾಗಿಸುತ್ತದೆ. ಭಯವೂ ಒಂದು ವೈದ್ಯಕೀಯ ಕಾರಣವೇ.

ಶಿಡ್ಲಘಟ್ಟ, ಚಿಂತಾಮಣಿಯ ಸಂತೆಬೀದಿಗಳಲ್ಲಿ ಜಟಕಾ ಹೂಡಿ ಬದುಕಿದವರನ್ನು ಇಲ್ಲಿ ನೆನೆಯಬೇಕು. ಕುದುರೆ ಕುಂಟಿದ ದಿನ ಗಾಡಿ ಬಿಚ್ಚಿದರೆ ಅವರಿಗೆ ಅಂದಿನ ಕೂಲಿಯಿಲ್ಲ. ಕಟ್ಟಿದರೆ ಕುದುರೆಯೇ ಇಲ್ಲವಾಗಬಹುದು. ಹೊಟ್ಟೆಪಾಡಿನ ಆ ಇಕ್ಕಟ್ಟು ಹವ್ಯಾಸಿಗೆ ಇಲ್ಲ. ಹೋದರೆ ಹೋಗುವುದು ಒಂದಿಷ್ಟು ಹಣ, ಬಹುಮಾನದ ಒಂದು ರಿಬ್ಬನ್. ಆದರೂ ಜಟಕಾದವನ ಕೈ ತಡೆಯಲು ಕಾನೂನು ಯೋಚಿಸಿದಷ್ಟು ಹವ್ಯಾಸಿ ಕೂಟಗಳು ಯೋಚಿಸಿಲ್ಲ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಬಂದ ಕೇಂದ್ರ ನಿಯಮಗಳು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆ ಮೀರಬಾರದು, ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು ಎನ್ನುತ್ತವೆ. ಏಪ್ರಿಲ್‌ನ ಗೌರಿಬಿದನೂರು ಆ ಅಂಕಿಯ ಹತ್ತಿರವೇ ಸುಳಿಯುತ್ತದೆ. ಜಾರಿ ಎಷ್ಟರಮಟ್ಟಿಗೆ ಎಂಬುದು ಬೇರೆ ಮಾತು. ಆದರೆ ಬಡವನ ಕುದುರೆಗೆ ಅಂಕಿ ಹಾಕಿ ಗೆರೆ ಎಳೆದದ್ದಂತೂ ಆಯಿತು.

ಬೇಕಿರುವುದು ಅಂಥ ಒಂದೆರಡು ಗೆರೆ. ಕ್ರಾಸ್‌ಕಂಟ್ರಿ ಶುರುವಾಗುವ ತನಕ ಹೆಸರು ವಾಪಸ್ ಪಡೆದರೆ ಶುಲ್ಕದ ಒಂದು ಪಾಲು ಹಿಂದಿರುಗಿಸಬೇಕು. ಸಣ್ಣ ಕೂಟದಲ್ಲೂ ಕುದುರೆಯ ಮಾಲೀಕರಿಗೂ ತರಬೇತುದಾರರಿಗೂ ಸಂಬಂಧವಿಲ್ಲದ ಒಬ್ಬ ಪಶುವೈದ್ಯರು ಬಯಲಿನ ಓಟಕ್ಕೆ ಮುಂಚೆ ಪ್ರತಿ ಕುದುರೆಯನ್ನೂ ಓಡಿಸಿ ನೋಡಬೇಕು, ಅವರ ಮಾತಿಗೆ ಮೇಲ್ಮನವಿ ಇರಬಾರದು. ಇನ್ನು ಪಟ್ಟಿಯಲ್ಲಿ ಡಬ್ಲ್ಯುಡಿ ಪಕ್ಕದಲ್ಲಿ ಕಾರಣ ಬರೆಯಲು ಒಂದು ಅಂಕಣ, ಭಯ ಎಂದು ಬರೆದರೂ ಒಪ್ಪುವಂಥದ್ದು.